ಮಜ್ಜೆಯ ಕಸಿ: ಡಾನಲ್ ಥಾಮಸ್ ನಡೆದ ದಾರಿ

ಮೊದಲಿಗೆ ಒಂದು ಸರಳ ಲೆಕ್ಕ ಮಾಡೋಣ. 70 ಕಿಲೋಗ್ರಾಂ ತೂಕದ ವ್ಯಕ್ತಿಯೊಬ್ಬನ ಇಡೀ ದೇಹಕ್ಕೆ 10 ಗ್ರೇ ಗಾಮಾ ವಿಕಿರಣ ತಗಲಿತೆನ್ನಿ. ಒಂದು ಕಿಲೋಗ್ರಾಂ ದ್ರವ್ಯ ಒಂದು ಜೂಲ್ ಶಕ್ತಿಯನ್ನು ಹೀರಿಕೊಂಡರೆ ಅದು ಒಂದು ಗ್ರೇ. ಆದ್ದರಿಂದ ದೇಹ ಹೀರಿಕೊಂಡ ಒಟ್ಟು ಶಕ್ತಿ 700 ಜೂಲ್. ಇದರಿಂದ ದೇಹದ ಉಷ್ಣತೆ ಏರುವುದು ಸುಮಾರು 0.003 ಡಿಗ್ರಿ ಸೆಲ್ಸಿಯಸ್ ಮಾತ್ರ. ಎರಡು ಚಮಚ ಬಿಸಿ ಕಾಫಿಯಿಂದ ಇದಕ್ಕಿಂತ ಹೆಚ್ಚು ಶಾಖ ದೊರೆಯುತ್ತದೆ! ಆದರೂ ಚಿಕಿತ್ಸೆ ಇಲ್ಲದಿದ್ದರೆ ಆ ವ್ಯಕ್ತಿ ಉಳಿಯುವುದಿಲ್ಲ. ಏಕೆ?

ಇಲ್ಲಿ ಕೊಲ್ಲುವುದು ಶಾಖವಲ್ಲ, ಅಯಾನೀಕರಣ. ಅದು ಕೋಶಗಳ ಡಿಎನ್ಎ ಎಳೆಗಳನ್ನು ತುಂಡರಿಸುತ್ತದೆ. ಸದಾ ವಿಭಜನೆಯಾಗುತ್ತಿರುವ ಕೋಶಗಳಿಗೆ ಮೊದಲ ಪೆಟ್ಟು. ಮೂಳೆಗಳೊಳಗಿನ ಮಜ್ಜೆ ದಿನವೊಂದಕ್ಕೆ ಸುಮಾರು 20,000 ಕೋಟಿ ಕೆಂಪು ರಕ್ತಕಣಗಳನ್ನು ತಯಾರಿಸುತ್ತದೆ. ಬಿಳಿ ರಕ್ತಕಣಗಳೂ ಅಲ್ಲಿಯೇ ಹುಟ್ಟುತ್ತವೆ. ಇವೆಲ್ಲಕ್ಕೂ ಮೂಲವಾದ ಆಕರ ಕೋಶಗಳು (ಕಾಂಡಕೋಶಗಳು) ನಾಶವಾದರೆ ರಕ್ತದ ಉತ್ಪಾದನೆಯೇ ನಿಲ್ಲುತ್ತದೆ.

ಇದನ್ನೇ ಚಿಕಿತ್ಸೆಯಾಗಿ ಬಳಸಬಹುದೆ? ರಕ್ತ ಕ್ಯಾನ್ಸರ್ ರೋಗಿಯ ಕೆಟ್ಟ ಮಜ್ಜೆಯನ್ನು ವಿಕಿರಣದಿಂದ ಅಳಿಸಿ, ಆರೋಗ್ಯವಂತರ ಮಜ್ಜೆಯನ್ನು ರಕ್ತನಾಳದ ಮೂಲಕ ಸೇರಿಸಿದರೆ ಹೇಗೆ? ಇಂಥ ಆಲೋಚನೆಗೆ ಜೀವನವನ್ನೇ ಮುಡಿಪಾಗಿಟ್ಟವರು ಅಮೆರಿಕದ ವೈದ್ಯ ಎಡ್ವರ್ಡ್ ಡಾನಲ್ ಥಾಮಸ್. 1920ರಲ್ಲಿ ಟೆಕ್ಸಾಸ್ ರಾಜ್ಯದ ಮಾರ್ಟ್ ಎಂಬ ಊರಿನಲ್ಲಿ ಹುಟ್ಟಿದ ಅವರು ಹಳ್ಳಿ ವೈದ್ಯರೊಬ್ಬರ ಮಗ. 1946ರಲ್ಲಿ ಹಾರ್ವರ್ಡ್‌ನಲ್ಲಿ ವೈದ್ಯಪದವಿ ಪಡೆದರು. ಪತ್ರಿಕೋದ್ಯಮ ಓದುತ್ತಿದ್ದ ಪತ್ನಿ ಡಾರತಿ ಆ ಹಾದಿಯನ್ನು ಬಿಟ್ಟು ಪ್ರಯೋಗಾಲಯದ ಕೆಲಸ ಕಲಿತು, ಕೊನೆಯವರೆಗೂ ಅವರ ಸಂಶೋಧನೆಗೆ ಜೊತೆಯಾದರು.

ವಿಕಿರಣದಿಂದ ಸಾಯಬೇಕಾಗಿದ್ದ ಇಲಿಗಳನ್ನು ಮಜ್ಜೆಯ ಚುಚ್ಚುಮದ್ದು ಉಳಿಸುತ್ತದೆ ಎಂಬುದನ್ನು ಅಮೆರಿಕದಲ್ಲಿ ಎಗಾನ್ ಲೊರೆಂಟ್ಸ್ ಮತ್ತು ಸಂಗಡಿಗರು 1951ರಲ್ಲಿ ತೋರಿಸಿದ್ದರು. ಥಾಮಸ್ ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಆಸ್ಪತ್ರೆಯಲ್ಲಿ ಇದನ್ನು ಮನುಷ್ಯರಲ್ಲಿ ಪ್ರಯತ್ನಿಸಿದರು. 1957ರಲ್ಲಿ ಆರು ರೋಗಿಗಳ ವಿವರ ಪ್ರಕಟವಾಯಿತು. ಅವರಲ್ಲಿ ಯಾರೂ ನೂರು ದಿನ ದಾಟಿ ಬದುಕಲಿಲ್ಲ.

ತೊಡಕು ಇದ್ದದ್ದು ರೋಗನಿರೋಧಕ ವ್ಯವಸ್ಥೆಯಲ್ಲಿ. ಮೂತ್ರಪಿಂಡದ ಕಸಿಯಲ್ಲಿ ರೋಗಿಯ ದೇಹ ಹೊರಗಿನ ಅಂಗವನ್ನು ತಿರಸ್ಕರಿಸಬಹುದು. ಮಜ್ಜೆಯ ಕಸಿಯಲ್ಲಿ ಇನ್ನೊಂದು ಅಪಾಯವೂ ಉಂಟು. ಮಜ್ಜೆಯೊಂದಿಗೆ ದಾನಿಯ ರಕ್ಷಣಾ ಕೋಶಗಳೂ ಬರುತ್ತವೆ. ಅವು ರೋಗಿಯ ಚರ್ಮ, ಕರುಳು, ಯಕೃತ್ತುಗಳನ್ನೇ ಪರಕೀಯವೆಂದು ಬಗೆದು ದಾಳಿ ಮಾಡುತ್ತವೆ. ಅತಿಥಿಯೇ ಮನೆಯೊಡೆಯನ ಮೇಲೆ ಕೈಮಾಡಿದಂತೆ!

1960ರ ದಶಕದಲ್ಲಿ ಅನೇಕರು ಈ ಪ್ರಯತ್ನವನ್ನೇ ಕೈಬಿಟ್ಟರು. ಥಾಮಸ್ ಕೂಡ ದಾನಿಗಳ ಮಜ್ಜೆಯನ್ನು ರೋಗಿಗಳಿಗೆ ಕೊಡುವುದನ್ನು ನಿಲ್ಲಿಸಿದರು. ಆದರೆ ಸಮಸ್ಯೆಯನ್ನು ಬಿಡಲಿಲ್ಲ. 1963ರಲ್ಲಿ ಸಿಯಾಟಲ್ ನಗರಕ್ಕೆ ಹೋಗಿ ನಾಯಿಗಳ ಮೇಲಿನ ಪ್ರಯೋಗಗಳನ್ನು ಮುಂದುವರಿಸಿದರು. ಅಂಗಾಂಶದ ಗುರುತುಗಳು ಹೊಂದುವ ಒಡಹುಟ್ಟಿದ ನಾಯಿಯ ಮಜ್ಜೆಯನ್ನು ಕೊಟ್ಟು, ಅನಂತರ ಮೆಥೊಟ್ರೆಕ್ಸೇಟ್ ಔಷಧ ನೀಡಿದರೆ ದಾಳಿ ತಗ್ಗುತ್ತದೆ ಎಂದು ತಿಳಿಯಿತು.

ಮನುಷ್ಯರಲ್ಲಿ ಇಂಥ ಗುರುತುಗಳಿಗೆ ಎಚ್‌ಎಲ್‌ಎ ಎಂದು ಹೆಸರು. ಮಗುವಿಗೆ ತಂದೆಯಿಂದ ಒಂದು ಕಟ್ಟು, ತಾಯಿಯಿಂದ ಒಂದು ಕಟ್ಟು ಬರುತ್ತದೆ. ಹೀಗಾಗಿ ಒಬ್ಬ ಸೋದರ ಅಥವಾ ಸೋದರಿ ಪೂರ್ತಿ ಹೊಂದುವ ಸಂಭವ 1/4. ಇಬ್ಬರಿದ್ದರೆ, ಒಬ್ಬರಾದರೂ ಹೊಂದುವ ಸಂಭವ 7/16. ಇದನ್ನು ತರಗತಿಯಲ್ಲಿ ವಿದ್ಯಾರ್ಥಿಗಳಿಂದಲೇ ಮಾಡಿಸಬಹುದು.

1969ರಲ್ಲಿ ಥಾಮಸ್ ತಂಡ ಮತ್ತೆ ರೋಗಿಗಳತ್ತ ಬಂದಿತು. ಎದುರುಬದುರಾಗಿ ಇಟ್ಟ ಎರಡು ಕೋಬಾಲ್ಟ್-60 ಆಕರಗಳಿಂದ ರೋಗಿಗೆ ಕೊಟ್ಟ ವಿಕಿರಣ 10 ಗ್ರೇ, ನಮ್ಮ ಲೆಕ್ಕದಲ್ಲಿದ್ದ ಅದೇ ಪ್ರಮಾಣ. 1977ರ ವರದಿಯಲ್ಲಿ, ಬೇರೆ ಯಾವ ಚಿಕಿತ್ಸೆಗೂ ಬಗ್ಗದ 100 ರಕ್ತ ಕ್ಯಾನ್ಸರ್ ರೋಗಿಗಳಲ್ಲಿ 13 ಮಂದಿ ರೋಗಮುಕ್ತರಾಗಿ ಬದುಕಿದ್ದರು. ಈ ಸಂಖ್ಯೆ ಚಿಕ್ಕದೆನಿಸೀತು. ಆದರೆ ಅವರೆಲ್ಲ ಸಾವಿನ ಅಂಚಿನಲ್ಲಿದ್ದವರು. ಕಸಿಯನ್ನು ರೋಗದ ಮೊದಲ ಹಂತದಲ್ಲೇ ಮಾಡಬೇಕೆಂಬ ಪಾಠ ಅಲ್ಲಿಂದ ಬಂದಿತು.

1979ರಲ್ಲಿ ಸಿಯಾಟಲ್ ತಂಡಕ್ಕೆ ಇನ್ನೊಂದು ಸಂಗತಿ ಸ್ಪಷ್ಟವಾಯಿತು. ದಾನಿಯ ಕೋಶಗಳ ದಾಳಿಗೆ ತುತ್ತಾಗಿಯೂ ಉಳಿದವರಲ್ಲಿ ಕ್ಯಾನ್ಸರ್ ಮರುಕಳಿಸುವುದು ಕಡಿಮೆ! ವಿಕಿರಣದಿಂದ ತಪ್ಪಿಸಿಕೊಂಡ ಕ್ಯಾನ್ಸರ್ ಕೋಶಗಳನ್ನು ಆ ರಕ್ಷಣಾ ಕೋಶಗಳೇ ಬೇಟೆಯಾಡುತ್ತಿದ್ದವು. ಇಪ್ಪತ್ತು ವರ್ಷ ಅಡ್ಡಿಯಾಗಿ ಕಂಡದ್ದೇ ಚಿಕಿತ್ಸೆಯ ಒಂದು ಭಾಗವೂ ಆಗಿತ್ತು. ಮಜ್ಜೆಯ ಕಸಿ ಎಂದರೆ ಬರಿಯ ರಕ್ತದ ಮರುಪೂರಣವಲ್ಲ, ರೋಗನಿರೋಧಕ ವ್ಯವಸ್ಥೆಯ ಬದಲಾವಣೆಯೂ ಹೌದು ಎಂಬ ಇಂದಿನ ತಿಳಿವಳಿಕೆಗೆ ಇದು ತಳಹದಿ.

1990ರ ವೈದ್ಯವಿಜ್ಞಾನದ ನೊಬೆಲ್ ಪ್ರಶಸ್ತಿಯನ್ನು ಥಾಮಸ್, ಮೂತ್ರಪಿಂಡ ಕಸಿಯ ಜೋಸೆಫ್ ಮರ್ರೆ ಅವರೊಂದಿಗೆ ಹಂಚಿಕೊಂಡರು. ಸಿಯಾಟಲ್‌ನಲ್ಲಿ ಈ ವಿದ್ಯೆ ಕಲಿತ ಡಾ. ಸುರೇಶ್ ಅಡ್ವಾಣಿ 1983ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಭಾರತದ ಮೊದಲ ಮಜ್ಜೆ ಕಸಿಯನ್ನು ನಡೆಸಿದರು. ಥಾಮಸ್ 2012ರ ಅಕ್ಟೋಬರ್‌ನಲ್ಲಿ ನಿಧನರಾದರು. ಅದೇ ವರ್ಷದ ಕೊನೆಗೆ ಜಗತ್ತಿನಲ್ಲಿ ನಡೆದ ರಕ್ತದ ಆಕರ ಕೋಶಗಳ ಕಸಿಗಳ ಸಂಖ್ಯೆ ಹತ್ತು ಲಕ್ಷ ಮುಟ್ಟಿತು. ಮೊದಲ ಆರು ರೋಗಿಗಳ ಸಾವನ್ನು ಥಾಮಸ್ ಮುಚ್ಚಿಡದೆ ಪ್ರಕಟಿಸಿದ್ದರು. ಈ ಹತ್ತು ಲಕ್ಷದ ಎಣಿಕೆಯನ್ನು ನಾವು ಆ ಆರು ಮಂದಿಯಿಂದಲೇ ಆರಂಭಿಸಬೇಕು.