ಮಸೂರದ ದ್ರಾವಣ, ಶಿಲೀಂಧ್ರ ಮತ್ತು ನ್ಯಾಯಾಲಯ

ಭತ್ತದ ಗರಿ ತಾಗಿಯೋ, ಒಕ್ಕಣೆಯ ವೇಳೆ ಹೊಟ್ಟು ಸಿಡಿದೋ ಕಣ್ಣಿಗೆ ಗಾಯವಾದ ರೈತರಲ್ಲಿ ಕೆಲವರಿಗೆ ಕಾರ್ನಿಯಾದ ಹುಣ್ಣು ಉಂಟಾಗುತ್ತದೆ. ಕಾರ್ನಿಯಾ ಎಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪಟಲ. ದಕ್ಷಿಣ ಭಾರತದಲ್ಲಿ ಇಂಥ ಹುಣ್ಣಿಗೆ ಅನೇಕ ವೇಳೆ ಕಾರಣವಾಗುವುದು ಫ್ಯುಸೇರಿಯಮ್ ಎಂಬ ಶಿಲೀಂಧ್ರ. ಮಣ್ಣಿನಲ್ಲಿ, ಕೊಳೆತ ಎಲೆಯಲ್ಲಿ, ಬಚ್ಚಲಿನ ಕೊಳವೆಯಲ್ಲಿ, ಎಲ್ಲೆಡೆ ಇರುವ ಜೀವಿ ಇದು. ನಮ್ಮ ನೇತ್ರತಜ್ಞರಿಗೆ ಚಿರಪರಿಚಿತ. ಆದರೆ ಹೊಲಗದ್ದೆಗಳ ಸಂಪರ್ಕವೇ ಇಲ್ಲದ ಸಿಂಗಪುರದಂಥ ನಗರದಲ್ಲಿ ಆರೋಗ್ಯವಂತ ಯುವಜನರ ಕಣ್ಣಿಗೆ ಇದು ತಗಲುವುದು ಅಪರೂಪ. ಆದ್ದರಿಂದಲೇ 2005ರಿಂದ ಅಲ್ಲಿ ರೋಗಿಗಳ ಸಂಖ್ಯೆ ಏರತೊಡಗಿದಾಗ ಅದು ವೈದ್ಯರ ಗಮನ ಸೆಳೆಯಿತು. 2005ರ ಮಾರ್ಚ್‌ನಿಂದ 2006ರ ಮೇವರೆಗೆ ಪತ್ತೆಯಾದ ರೋಗಿಗಳು 66 ಮಂದಿ. ಬಹುತೇಕ ಎಲ್ಲರೂ ಮೃದು ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರು.

2006ರ ಫೆಬ್ರವರಿಯಲ್ಲಿ ಸಿಂಗಪುರ ಮತ್ತು ಹಾಂಗ್‌ಕಾಂಗ್‌ಗಳಲ್ಲಿ ಬಾಷ್ ಅಂಡ್ ಲಾಂಬ್ ಕಂಪನಿಯ ಲೆನ್ಸ್ ದ್ರಾವಣದ ಮಾರಾಟ ನಿಂತಿತು. ಮಾರ್ಚ್‌ನಲ್ಲಿ ಅಮೆರಿಕದ ನ್ಯೂಜೆರ್ಸಿಯ ನೇತ್ರತಜ್ಞರೊಬ್ಬರು, ಮೂರು ತಿಂಗಳಲ್ಲಿ ಇಂಥ ಮೂವರು ರೋಗಿಗಳನ್ನು ಕಂಡುದಾಗಿ ಅಲ್ಲಿನ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿಗೆ ತಿಳಿಸಿದರು. ಮೂರು ಎಂಬುದು ಸಣ್ಣ ಸಂಖ್ಯೆಯೇ. ಆದರೆ ಆ ಒಂದು ವರದಿಯಿಂದ ಆರಂಭವಾದ ತನಿಖೆಯಲ್ಲಿ 33 ರಾಜ್ಯಗಳಿಂದ ಮತ್ತು ಒಂದು ಆಡಳಿತ ಪ್ರದೇಶದಿಂದ 164 ಪ್ರಕರಣಗಳು ದೃಢಪಟ್ಟವು. ಅವರಲ್ಲಿ 55 ಮಂದಿಗೆ, ಅಂದರೆ ಮೂವರಲ್ಲಿ ಒಬ್ಬರಿಗೆ, ಕಾರ್ನಿಯಾ ಕಸಿ ಮಾಡಬೇಕಾಯಿತು ಇಲ್ಲವೇ ಮಾಡಲು ನಿರ್ಧರಿಸಲಾಯಿತು.

ತನಿಖೆಯ ವಿಧಾನ ತರಗತಿಯಲ್ಲಿ ಹೇಳಿಕೊಡಲು ಯೋಗ್ಯವಾದದ್ದು. ರೋಗಿಗಳನ್ನೂ ರೋಗವಿಲ್ಲದ ಲೆನ್ಸ್ ಧಾರಕರನ್ನೂ ಒಂದೇ ಬಗೆಯ ಪ್ರಶ್ನೆಗಳಿಂದ ವಿಚಾರಿಸಲಾಯಿತು. ‘ರೆನ್ಯು ವಿತ್ ಮಾಯಿಶ್ಚರ್‌ಲಾಕ್’ ಎಂಬ ದ್ರಾವಣವನ್ನು ಬಳಸಿದವರು ರೋಗಿಗಳಲ್ಲಿ ಶೇಕಡ 69, ಇತರರಲ್ಲಿ ಶೇಕಡ 15. ಇಷ್ಟಾದ ಮೇಲೆ ಯಾರಿಗಾದರೂ ತೋಚುವುದು, ಕಾರ್ಖಾನೆಯಲ್ಲಿಯೇ ದ್ರಾವಣ ಕಲುಷಿತವಾಗಿತ್ತು ಎಂದು. ದಕ್ಷಿಣ ಕೆರೊಲಿನಾದ ಗ್ರೀನ್‌ವಿಲ್‌ನಲ್ಲಿದ್ದ ಕಾರ್ಖಾನೆಯನ್ನು, ಉಗ್ರಾಣವನ್ನು, ಮುಚ್ಚಳ ತೆರೆಯದ ಬಾಟಲಿಗಳನ್ನು ಪರೀಕ್ಷಿಸಲಾಯಿತು. ಎಲ್ಲಿಯೂ ಫ್ಯುಸೇರಿಯಮ್ ಸಿಗಲಿಲ್ಲ. ರೋಗಿಗಳಿಂದ ಪಡೆದ 39 ಮಾದರಿಗಳ ಡಿಎನ್‌ಎ ಪರೀಕ್ಷೆಯಲ್ಲಿ ಕಂಡದ್ದು ಕನಿಷ್ಠ 10 ಪ್ರಭೇದಗಳು, 19 ಬೇರೆ ಬೇರೆ ಜೀನ್ ನಮೂನೆಗಳು. ಒಂದೇ ಕಾರ್ಖಾನೆಯಿಂದ ಹರಡಿದ್ದರೆ ಇಷ್ಟು ವೈವಿಧ್ಯವಿರುವುದು ಅಸಂಭವ. ಶಿಲೀಂಧ್ರ ಬಂದದ್ದು ಬಳಕೆದಾರರ ಮನೆಯ ಪರಿಸರದಿಂದ ಎಂದು ಇದು ಸೂಚಿಸಿತು. ಪತ್ರಿಕೆಗಳು ‘ಕಲುಷಿತ ದ್ರಾವಣ’ ಎಂದು ಬರೆದದ್ದು ನಿಜವಾದರೂ ಆ ಮಾತು ಅಷ್ಟು ಸರಿಯಲ್ಲ.

ಹಾಗಾದರೆ ಶಿಲೀಂಧ್ರವನ್ನು ಕೊಲ್ಲಬೇಕಿದ್ದ ದ್ರಾವಣ ಕೊಲ್ಲಲಿಲ್ಲವೇಕೆ? 2004ರಲ್ಲಿ ಮಾರುಕಟ್ಟೆಗೆ ಬಂದ ಈ ದ್ರಾವಣದಲ್ಲಿ ಅಲೆಕ್ಸಿಡಿನ್ ಎಂಬ ಸೋಂಕುನಾಶಕವಿತ್ತು. ಲೆನ್ಸ್ ಒಣಗದಂತೆ ನೀರನ್ನು ಹಿಡಿದಿಡುವ ಪಾಲಿಮರುಗಳೂ ಇದ್ದವು. ಪರೀಕ್ಷಾ ನಳಿಕೆಯಲ್ಲಿ, ತಾಜಾ ದ್ರಾವಣದಲ್ಲಿ ಅದು ಫ್ಯುಸೇರಿಯಮ್ ಪರೀಕ್ಷೆಯನ್ನೂ ದಾಟಿತ್ತು. ಮನೆಯಲ್ಲಿ ನಡೆಯುವುದು ಬೇರೆ. ಕೆಲವರು ಡಬ್ಬಿಯಲ್ಲಿ ಉಳಿದ ಹಳೆಯ ದ್ರಾವಣವನ್ನು ಚೆಲ್ಲದೆ ಅದರ ಮೇಲೆಯೇ ಹೊಸದನ್ನು ಸುರಿಯುತ್ತಾರೆ, ಮುಚ್ಚಳ ಹಾಕುವುದನ್ನು ಮರೆಯುತ್ತಾರೆ. ನೀರು ಆವಿಯಾದಂತೆ ಪಾಲಿಮರುಗಳು ಸಾಂದ್ರವಾಗಿ ಪದರ ಕಟ್ಟುತ್ತವೆ, ಶಿಲೀಂಧ್ರ ಅದರೊಳಗೆ ಆಶ್ರಯ ಪಡೆಯುತ್ತದೆ ಎಂಬುದು ಪ್ರಯೋಗಗಳಿಂದ ಬಂದ ಒಂದು ವಿವರಣೆ. ಅಲೆಕ್ಸಿಡಿನ್ ಅನ್ನು ಲೆನ್ಸೇ ಹೀರಿಕೊಂಡು ದ್ರಾವಣ ದುರ್ಬಲವಾಗುತ್ತದೆ ಎಂಬುದು ಇನ್ನೊಂದು. ಕೆಲವು ಸಂಶೋಧಕರು ಬಾಟಲಿಗಳನ್ನು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ವಾರಗಟ್ಟಲೆ ಇರಿಸಿ, ದ್ರಾವಣ ತನ್ನ ಶಕ್ತಿಯನ್ನು ಕಳೆದುಕೊಳ್ಳುವುದನ್ನೂ ತೋರಿಸಿದರು. ಕಣ್ಣಿಗೆ ಹಿತವೆಂದು ಸೇರಿಸಿದ ವಸ್ತುವೇ ಶಿಲೀಂಧ್ರಕ್ಕೂ ಹಿತವಾಯಿತೆಂದು ಕಾಣುತ್ತದೆ. 2006ರ ಮೇ 15ರಂದು ಕಂಪನಿ ಮಾಯಿಶ್ಚರ್‌ಲಾಕ್ ಅನ್ನು ಜಗತ್ತಿನ ಎಲ್ಲ ಮಾರುಕಟ್ಟೆಗಳಿಂದ ಹಿಂತೆಗೆದುಕೊಂಡಿತು.

ಮುಂದಿನ ಅಂಕ ನ್ಯಾಯಾಲಯದ್ದು. ವಸ್ತುವೊಂದರ ದೋಷ ಕಾನೂನಿನ ದೃಷ್ಟಿಯಲ್ಲಿ ಮುಖ್ಯವಾಗಿ ಮೂರು ಬಗೆಯದು: ತಯಾರಿಕೆಯಲ್ಲಿನ ದೋಷ, ವಿನ್ಯಾಸದ ದೋಷ, ಸರಿಯಾದ ಎಚ್ಚರಿಕೆ ನೀಡದಿರುವುದು. ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯದಲ್ಲಿಯೂ ಈ ಮೂರೂ ಇವೆ. ಆದ್ದರಿಂದ ಬಾಟಲಿ ಶುದ್ಧವಾಗಿತ್ತು ಎಂದ ಮಾತ್ರಕ್ಕೆ ಕಂಪನಿ ಪಾರಾಗುವಂತಿರಲಿಲ್ಲ. ಸೂತ್ರವೇ ತಪ್ಪಾಗಿದ್ದರೆ? ಜನ ಡಬ್ಬಿಗೆ ಮೇಲಿಂದ ಮೇಲೆ ಸುರಿಯುವುದನ್ನು ತಯಾರಕರು ಮೊದಲೇ ಊಹಿಸಬಹುದಿತ್ತಲ್ಲವೇ? ಅಮೆರಿಕದ ಫೆಡರಲ್ ನ್ಯಾಯಾಲಯಗಳ ಮೊಕದ್ದಮೆಗಳನ್ನು 2006ರಲ್ಲಿ ದಕ್ಷಿಣ ಕೆರೊಲಿನಾದ ನ್ಯಾಯಾಧೀಶ ಡೇವಿಡ್ ನಾರ್ಟನ್ ಅವರ ಮುಂದೆ ಒಟ್ಟುಗೂಡಿಸಲಾಯಿತು. ಇನ್ನಷ್ಟು ಪ್ರಕರಣಗಳು ನ್ಯೂಯಾರ್ಕ್ ರಾಜ್ಯದ ನ್ಯಾಯಾಲಯದಲ್ಲಿದ್ದವು. 2009ರ ಮಧ್ಯಭಾಗದ ವೇಳೆಗೆ ಕಂಪನಿ ಸುಮಾರು 600 ಫ್ಯುಸೇರಿಯಮ್ ಪ್ರಕರಣಗಳಲ್ಲಿ ರಾಜಿ ಮಾಡಿಕೊಂಡಿತ್ತು. ತೆತ್ತ ಹಣ ಸುಮಾರು 25 ಕೋಟಿ ಡಾಲರ್.

ಆದರೆ ಅದೇ ದ್ರಾವಣ ಬಳಸಿ, ಬ್ಯಾಕ್ಟೀರಿಯಾದಿಂದಲೋ ಅಕಾಂತಮೀಬಾದಿಂದಲೋ ಸೋಂಕು ತಗಲಿದ್ದವರೂ ನೂರಾರು ಮಂದಿ ದಾವೆ ಹೂಡಿದ್ದರು. ಅವರ ನೋವೇನೂ ಕಡಿಮೆಯದಲ್ಲ. ಪಾಲಿಮರ್ ಪದರ ಶಿಲೀಂಧ್ರಕ್ಕೆ ಆಶ್ರಯ ನೀಡಿದರೆ ಇತರ ಸೂಕ್ಷ್ಮಜೀವಿಗಳಿಗೂ ನೀಡಬಹುದು ಎಂಬುದು ಅವರ ಪರ ತಜ್ಞೆಯ ವಾದ. ಇಲ್ಲಿ ಅಡ್ಡ ಬಂದದ್ದು 1993ರ ಡಾಬರ್ಟ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ನೀಡಿದ ತೀರ್ಪು. ತಜ್ಞರ ಹೇಳಿಕೆಗೆ ನಂಬಲರ್ಹವಾದ ವೈಜ್ಞಾನಿಕ ವಿಧಾನದ ಆಧಾರವಿದೆಯೇ ಎಂದು ನ್ಯಾಯಾಧೀಶರು ಮೊದಲೇ ಪರಿಶೀಲಿಸಬೇಕೆಂದು ಅದು ವಿಧಿಸಿತ್ತು. ಎರಡೂ ನ್ಯಾಯಾಲಯಗಳು 2009ರಲ್ಲಿ ಒಟ್ಟಾಗಿ ವಿಚಾರಣೆ ನಡೆಸಿದವು. ಫ್ಯುಸೇರಿಯಮ್‌ಗೆ ಇದ್ದಂಥ ಪುರಾವೆ ಇತರ ಸೋಂಕುಗಳಿಗೆ ಇಲ್ಲವೆಂದು ಆ ಸಾಕ್ಷ್ಯವನ್ನು ತಳ್ಳಿಹಾಕಲಾಯಿತು. ‘ಆಗಿರಬಹುದು’ ಎಂಬುದಕ್ಕೂ ‘ಆಗಿದೆ’ ಎಂಬುದಕ್ಕೂ ಇರುವ ಅಂತರ ವಿಜ್ಞಾನದಲ್ಲಿ ಮುಂದಿನ ಪ್ರಯೋಗಕ್ಕೆ ದಾರಿ. ನ್ಯಾಯಾಲಯದಲ್ಲಿ ಅದೇ ಅಂತರ ದಾವೆಯ ಕೊನೆ. ತೀರ್ಪು ತರ್ಕಬದ್ಧವೆಂದೇ ನನಗೆ ತೋರುತ್ತದೆ. ಆದರೆ ಅಧ್ಯಯನ ನಡೆಸುವ ಹಣವಾಗಲಿ ಪ್ರಯೋಗಾಲಯವಾಗಲಿ ಇಲ್ಲದ ರೋಗಿಯ ಮೇಲೆ ಆ ಭಾರ ಬಿದ್ದದ್ದೂ ನಿಜ.

ಇದರ ನಡುವೆ, 2007ರ ಮೇನಲ್ಲಿ, ಬೇರೊಂದು ಕಂಪನಿಯ ಲೆನ್ಸ್ ದ್ರಾವಣವೂ ಹಿಂದಕ್ಕೆ ಹೋಯಿತು. ಅದಕ್ಕೆ ಅಂಟಿದ್ದು ಅಕಾಂತಮೀಬಾ ಸೋಂಕು. ಅಲ್ಲಿಯೂ ಸುಳಿವು ಸಿಕ್ಕಿದ್ದು ರೋಗಿಗಳನ್ನೂ ರೋಗವಿಲ್ಲದವರನ್ನೂ ಹೋಲಿಸಿದ ಸಿಡಿಸಿ ಅಧ್ಯಯನದಿಂದಲೇ. ಆ ಕಾಲದ ಅಂತಾರಾಷ್ಟ್ರೀಯ ಮಾನಕದ ಪರೀಕ್ಷೆಯಲ್ಲಿ ಮೂರು ಬ್ಯಾಕ್ಟೀರಿಯಾಗಳು, ಒಂದು ಯೀಸ್ಟ್ ಮತ್ತು ಫ್ಯುಸೇರಿಯಮ್ ಇದ್ದವು. ಅಮೀಬಾ ಇರಲೇ ಇಲ್ಲ. ದ್ರಾವಣವನ್ನು ಬರಿಯ ನಳಿಕೆಯಲ್ಲಲ್ಲದೆ, ಡಬ್ಬಿಯಲ್ಲಿ ಲೆನ್ಸ್ ಇಟ್ಟು ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳ ಎದುರು ಪರೀಕ್ಷಿಸುವ ಪ್ರತ್ಯೇಕ ಐಎಸ್‌ಒ ಮಾನಕ ಹೊರಬಂದದ್ದು 2014ರಲ್ಲಿ, ಮಾಯಿಶ್ಚರ್‌ಲಾಕ್ ಅಂಗಡಿಗೆ ಬಂದ ಹತ್ತು ವರ್ಷಗಳ ನಂತರ.