ಹಗ್ಗಜಗ್ಗಾಟದ ಹಗ್ಗ

ಇಬ್ಬರು ದ್ವೇಷಿಸಬೇಕಾದರೆ ಅವರ ನಡುವೆ ಹಳೆಯ ಕಾರಣವೊಂದು ಇದ್ದೇ ಇರಬೇಕೆಂದು ನಾವು ನಂಬಿದ್ದೇವೆ. ಅಜ್ಜನ ಕಾಲದ ಬದುವಿನ ಜಗಳ, ಬೇರೆ ಜಾತಿ, ಬೇರೆ ದೇವರು, ಹೀಗೆ. ಇವು ಯಾವುವೂ ಇಲ್ಲದೆ ದ್ವೇಷ ಹುಟ್ಟೀತೆ? ಹುಟ್ಟುತ್ತದೆ, ಅದಕ್ಕೆ ಎರಡು ವಾರ ಸಾಕು ಎಂದು ತೋರಿಸಿದವರು ಮುಜಾಫರ್ ಶೆರೀಫ್ ಎಂಬ ಮನೋವಿಜ್ಞಾನಿ.

ಶೆರೀಫ್ ತುರ್ಕಿಯಲ್ಲಿ ಹುಟ್ಟಿದವರು. 1919ರಲ್ಲಿ ಗ್ರೀಕ್ ಸೇನೆ ಇಜ್ಮಿರ್ ಪಟ್ಟಣಕ್ಕೆ ಬಂದಿಳಿದಾಗ ನಡೆದ ಕೊಲೆಗಳನ್ನು ಎಳೆಯ ವಯಸ್ಸಿನಲ್ಲೇ ಕಣ್ಣಾರೆ ಕಂಡವರು. ಜನ ಗುಂಪಾಗಿ ನಿಂತಾಗ ಹೀಗೇಕಾಗುತ್ತಾರೆ ಎಂಬ ಪ್ರಶ್ನೆ ಅವರನ್ನು ಅಮೆರಿಕಕ್ಕೆ ಹೋದ ಮೇಲೂ ಬಿಡಲಿಲ್ಲ.

1954ರ ಬೇಸಿಗೆಯಲ್ಲಿ ಅವರು ಮತ್ತು ಸಂಗಡಿಗರು ಓಕ್ಲಹೋಮಾ ರಾಜ್ಯದ ರಾಬರ್ಸ್ ಕೇವ್ ಎಂಬ ಕಾಡುಪ್ರದೇಶದಲ್ಲಿ ಮಕ್ಕಳ ಶಿಬಿರವೊಂದನ್ನು ನಡೆಸಿದರು. ಬಂದವರು ಸುಮಾರು 11 ವರ್ಷದ 22 ಹುಡುಗರು. ಎಲ್ಲರೂ ಬಿಳಿಯರು, ಒಂದೇ ಪಂಥದ ಕ್ರೈಸ್ತರು, ಮಧ್ಯಮ ವರ್ಗದ ಮನೆಗಳವರು, ಓದಿನಲ್ಲೂ ನಡತೆಯಲ್ಲೂ ಚೆನ್ನಾಗಿದ್ದವರು. ಒಬ್ಬರಿಗೊಬ್ಬರ ಪರಿಚಯವಿರಲಿಲ್ಲ. ಅವರನ್ನು ಎರಡು ಗುಂಪು ಮಾಡಿ ಬೇರೆ ಬೇರೆ ಕಡೆ ಇಳಿಸಿದರು. ಮೊದಲ ವಾರ ಒಂದು ಗುಂಪು ತನಗೆ 'ಹದ್ದುಗಳು' ಎಂದೂ ಇನ್ನೊಂದು 'ಬುಡುಬುಡಿಕೆ ಹಾವುಗಳು' ಎಂದೂ ಹೆಸರಿಟ್ಟುಕೊಂಡು ಬಾವುಟ ಮಾಡಿಕೊಂಡವು.

ಎರಡನೆಯ ವಾರ ಇಬ್ಬರಿಗೂ ಪಂದ್ಯ. ಬೇಸ್‌ಬಾಲ್, ಹಗ್ಗಜಗ್ಗಾಟ, ಗೆದ್ದವರಿಗೆ ಪದಕ ಮತ್ತು ಚಾಕು. ಸೋತವರಿಗೆ ಏನೂ ಇಲ್ಲ. ಹಗ್ಗಜಗ್ಗಾಟದಲ್ಲಿ ಸೋತ ಹದ್ದುಗಳು ಎದುರಾಳಿಗಳ ಬಾವುಟ ಸುಟ್ಟರು. ಅವರು ಇವರ ಕೋಣೆಗೆ ನುಗ್ಗಿ ಮಂಚ ಉರುಳಿಸಿದರು. ಬೈಗುಳ, ಕೈ ಕೈ ಮಿಲಾಯಿಸುವುದು ಎಲ್ಲ ಆಯಿತು. ತಮ್ಮವರು ಧೈರ್ಯವಂತರು, ಆ ಕಡೆಯವರು ಮೋಸಗಾರರು ಎಂದು ಪ್ರತಿಯೊಂದು ಗುಂಪೂ ಮನಸಾರೆ ನಂಬಿತು. ಬಣ್ಣ, ಧರ್ಮ, ಭಾಷೆ ಯಾವುದೂ ಬೇರೆಯಿರಲಿಲ್ಲವೆಂಬುದನ್ನು ಮರೆಯಬಾರದು.

ಮೂರನೆಯ ವಾರ ರಾಜಿಯ ಪ್ರಯತ್ನ. ಮೊದಲು ಎಲ್ಲರನ್ನೂ ಒಂದೇ ಊಟದ ಮನೆಯಲ್ಲಿ ಕೂರಿಸಿದರು. ಹುಡುಗರು ಅನ್ನವನ್ನೇ ಅಸ್ತ್ರ ಮಾಡಿಕೊಂಡು ಒಬ್ಬರ ಮೇಲೊಬ್ಬರು ಎಸೆದಾಡಿದರು. ಬಳಿಕ ಶಿಬಿರದ ನೀರು ನಿಂತುಹೋಗುವಂತೆ ಮಾಡಲಾಯಿತು. ಬಾಯಾರಿದ ಎರಡೂ ಗುಂಪು ಸೇರಿ ತೊಟ್ಟಿಯನ್ನು ಸರಿಪಡಿಸಬೇಕಾಯಿತು. ಮತ್ತೊಂದು ದಿನ ಊಟ ತರಬೇಕಾದ ಲಾರಿ ಕೆಟ್ಟು ನಿಂತಿತು. ಹುಡುಗರು ಹಗ್ಗ ಕಟ್ಟಿ ಎಳೆದರು. ತಾವು ಎದುರುಬದುರು ನಿಂತು ಜಗ್ಗಿದ ಅದೇ ಹಗ್ಗ! ಈಗ ಎಲ್ಲರೂ ಒಂದೇ ಕಡೆ. ಇಂಥ ಕೆಲಸ ಒಂದಾದ ಮೇಲೊಂದು ಬಂದಂತೆ ಹಗೆ ಕರಗಿತು. ಮನೆಗೆ ಹೋಗುವಾಗ ಒಂದೇ ಬಸ್ಸು ಬೇಕೆಂದರು. ದಾರಿಯಲ್ಲಿ ಹಾವುಗಳ ಗುಂಪು ಪಂದ್ಯದಲ್ಲಿ ಗೆದ್ದ 5 ಡಾಲರಿನಲ್ಲಿ ಎಲ್ಲರಿಗೂ ಹಾಲಿನ ಪಾನೀಯ ಕೊಡಿಸಿತು.

ಇಲ್ಲಿಗೆ ಕಥೆ ಮುಗಿದರೆ ಸುಖಾಂತ. ಆದರೆ ಇದರ ಹಿಂದೆ ಇನ್ನೊಂದು ಶಿಬಿರವಿತ್ತು. 1953ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಶೆರೀಫ್ ಇದೇ ಪ್ರಯೋಗಕ್ಕೆ ಕೈಹಾಕಿದ್ದರು. ಅಲ್ಲಿ ಹುಡುಗರನ್ನು ಮೊದಲು ಒಟ್ಟಿಗೆ ಬಿಟ್ಟು, ಗೆಳೆತನವಾದ ಮೇಲೆ ಬೇರೆ ಮಾಡಿದರು. ದೊಡ್ಡವರು ಕದ್ದುಮುಚ್ಚಿ ಕಿಡಿಗೇಡಿತನ ಮಾಡಿ, ಆ ಗುಂಪಿನದೇ ಕೆಲಸವೆಂದು ಇವರು ನಂಬಲೆಂದು ಕಾದರು. ಹುಡುಗರು ಜಗಳವಾಡಲಿಲ್ಲ, ದೊಡ್ಡವರ ಮೇಲೆಯೇ ಅನುಮಾನಪಟ್ಟರು. ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಜೀನಾ ಪೆರಿ ಎಂಬ ಲೇಖಕಿ 2018ರ ತಮ್ಮ ಪುಸ್ತಕದಲ್ಲಿ ಇದನ್ನು ವಿವರವಾಗಿ ಬರೆದರು. ಮಕ್ಕಳಿಗೆ ತಿಳಿಸದೆ ಅವರ ಮೇಲೆ ಹೀಗೆ ಪ್ರಯೋಗ ನಡೆಸಿದ್ದು ಸರಿಯೆ ಎಂಬ ಪ್ರಶ್ನೆಯೂ ಎದ್ದಿದೆ. ಮೇಷ್ಟ್ರುಗಳೆಂದು ನಂಬಿದವರೇ ಕಡ್ಡಿ ಗೀರುತ್ತಿದ್ದರೆಂಬುದು ಉಪಾಧ್ಯಾಯಿನಿಯಾದ ನನ್ನ ಮನಸ್ಸಿಗೆ ಒಗ್ಗುವ ಮಾತಲ್ಲ.

ಆದರೂ ಸೋತ ಆ ಶಿಬಿರವೇ ನನಗೆ ದೊಡ್ಡ ಪಾಠವೆನಿಸುತ್ತದೆ. ಮೊದಲು ಗೆಳೆಯರಾದವರನ್ನು ಶತ್ರುಗಳಾಗಿಸುವುದು ಕಷ್ಟ. ನಾವು ಮಾಡುವುದೋ ಇದಕ್ಕೆ ತಿರುಗುಮುರುಗು. ಮಗು ಪಕ್ಕದ ಬೀದಿಯ ಮಗುವಿನ ಮುಖ ನೋಡುವ ಮೊದಲೇ 'ಅವರು ನಮ್ಮಂಥವರಲ್ಲ' ಎಂದು ಹೇಳಿ ಕಳಿಸುತ್ತೇವೆ. ಹಾಗೆ ಹೇಳುವವರು ಹೆಚ್ಚಾಗಿ ತಾಯಂದಿರು, ಅಜ್ಜಿಯರು, ನಾವೇ.

1971ರಲ್ಲಿ ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ ಕರಿಯ, ಬಿಳಿಯ, ಮೆಕ್ಸಿಕನ್ ಮೂಲದ ಮಕ್ಕಳು ಒಂದೇ ಶಾಲೆಗೆ ಬರತೊಡಗಿ ಜಗಳಗಳಾದಾಗ, ಎಲಿಯಟ್ ಅರಾನ್ಸನ್ ಎಂಬ ಮನೋವಿಜ್ಞಾನಿ ಒಂದು ಸರಳ ಉಪಾಯ ಹುಡುಕಿದರು. ಪಾಠವನ್ನು ತುಂಡು ಮಾಡಿ, ಗುಂಪಿನ ಪ್ರತಿ ಮಗುವಿಗೆ ಒಂದೊಂದು ತುಂಡು ಕೊಡುವುದು. ಒಬ್ಬರು ಹೇಳದಿದ್ದರೆ ಉಳಿದವರಿಗೆ ಪಾಠ ಪೂರ್ತಿಯಾಗದು. ಹೀಗಾದಾಗ ಹೀಗಳೆಯುತ್ತಿದ್ದ ಮಗುವಿನ ಮಾತನ್ನೂ ಕಿವಿಗೊಟ್ಟು ಕೇಳಬೇಕಾಗುತ್ತದೆ.

ನಮ್ಮ ಶಾಲೆಗಳಲ್ಲೂ ಮಕ್ಕಳು ಒಂದೇ ಸಾಲಿನಲ್ಲಿ ಕುಳಿತು ಬಿಸಿಯೂಟ ಮಾಡುತ್ತಾರೆ. ಅದು ಸಣ್ಣ ಮಾತಲ್ಲ. ಸಹಪಂಕ್ತಿಗಾಗಿ ಹಿಂದಿನವರು ಎಷ್ಟು ನೊಂದಿದ್ದಾರೆ! ಆದರೆ ಒಟ್ಟಿಗೆ ಉಂಡರಷ್ಟೇ ಸಾಲದು. ಒಟ್ಟಿಗೆ ನೀರು ತುಂಬಬೇಕು, ಗಿಡ ನೆಡಬೇಕು, ಲೆಕ್ಕ ಬಿಡಿಸಬೇಕು. ನೀನಿಲ್ಲದೆ ನನ್ನ ಕೆಲಸವಾಗದು ಎಂಬುದು ಮಗುವಿನ ಅನುಭವಕ್ಕೆ ಬರಬೇಕು. ಹಗ್ಗ ಹೇಗೂ ಮಕ್ಕಳ ಕೈಯಲ್ಲಿದೆ. ಅವರನ್ನು ಎದುರುಬದುರು ನಿಲ್ಲಿಸುವವರೂ ನಾವೇ, ಒಂದೇ ಕಡೆ ನಿಲ್ಲಿಸಬಲ್ಲವರೂ ನಾವೇ.