ನೇಲ್ ಪಾಲಿಶ್ ರಿಮೂವರ್‌ನಿಂದ ಪ್ಲಾಸ್ಟಿಕ್ ಗೊಂಬೆ ಒರೆಸಬಹುದೇ?

ನವರಾತ್ರಿ ಹತ್ತಿರ ಬಂತೆಂದರೆ ಅಟ್ಟದ ಪೆಟ್ಟಿಗೆ ಕೆಳಗಿಳಿಯುತ್ತದೆ. ಗೊಂಬೆ ಹಬ್ಬದ ಮೆಟ್ಟಿಲ ಮೇಲೆ ಈಗ ಪಟ್ಟದ ಗೊಂಬೆ, ಚನ್ನಪಟ್ಟಣದ ಗೊಂಬೆಗಳ ಜೊತೆ ಪ್ಲಾಸ್ಟಿಕ್ ಕಾರು, ವಿಮಾನದ ಮಾದರಿ, ಸೂಪರ್‌ಹೀರೋಗಳೂ ನಿಲ್ಲುತ್ತಾರೆ. ಬ್ಯಾಡರಹಳ್ಳಿಯಂತೆ ಮಾಗಡಿ ರಸ್ತೆಯ ಬದಿಯಲ್ಲಿರುವ ಬಡಾವಣೆಗಳಲ್ಲಿ ಅವುಗಳ ಮೇಲೆ ಧೂಳು ಕೂರಲು ಹೆಚ್ಚು ದಿನ ಬೇಡ. ರಿಮೂವರ್ ಅಥವಾ ಸ್ಯಾನಿಟೈಸರ್‌ನಿಂದ ಒರೆಸಿದರೆ ಹೊಸದರಂತೆ ಹೊಳೆಯುತ್ತವೆ ಎಂಬ ಸಲಹೆ ನಿಮಗೂ ಬಂದಿರಬಹುದು. ಅದು ನಿಜವೇ? ನೋಡೋಣ.

ರಿಮೂವರ್ ಏನು ಮಾಡುತ್ತದೆ?

ಅನೇಕ ರಿಮೂವರ್‌ಗಳಲ್ಲಿ ಅಸಿಟೋನ್ ಇರುತ್ತದೆ. ಮಾದರಿ ಕಿಟ್‌ಗಳ ಪಾಲಿಸ್ಟೈರೀನ್, ಲೆಗೋ ಇಟ್ಟಿಗೆಗಳ ಎಬಿಎಸ್ ಎರಡೂ ಅಸಿಟೋನ್‌ನಲ್ಲಿ ಕರಗುತ್ತವೆ. ಒರೆಸಿದ ಕೂಡಲೇ ಹೊಳೆದಂತೆ ಕಂಡರೆ ಅದು ಸ್ವಚ್ಛವಾದದ್ದಲ್ಲ, ಮೇಲ್ಮೈ ಕರಗಿದ್ದು. ಗೊಂಬೆಯ ಕಣ್ಣು, ಮೂಗಿನ ಗೆರೆ ಒಮ್ಮೆ ಅಳಿಸಿದರೆ ಮತ್ತೆ ಬಾರದು.

ಸ್ಯಾನಿಟೈಸರ್?

ಆಲ್ಕೋಹಾಲ್‌ನಿಂದ ಗೊಂಬೆಯ ಬಣ್ಣ ಎದ್ದು ಬರಬಹುದು. ಚನ್ನಪಟ್ಟಣದ ಮರದ ಗೊಂಬೆಗೆ ಹಚ್ಚುವುದು ಅರಗು. ಅರಗು ಆಲ್ಕೋಹಾಲ್‌ನಲ್ಲಿ ಕರಗುತ್ತದೆ. ಆ ಗೊಂಬೆಗೆ ಒಣ ಮೆತ್ತನೆ ಬಟ್ಟೆಯೇ ಸಾಕು, ನೀರಿನಲ್ಲಿ ನೆನೆಸಬೇಡಿ.

ಬ್ಲೀಚ್ ಜೊತೆ ವಿನೆಗರ್?

ಇದು ಗೊಂಬೆಗಿಂತ ನಮಗೇ ಅಪಾಯ. ಬ್ಲೀಚ್‌ಗೆ ವಿನೆಗರ್ ಅಥವಾ ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಬೆರೆಸಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. ಕಿಟಕಿ ಮುಚ್ಚಿದ ಬಚ್ಚಲಲ್ಲಿ ಉಸಿರೇ ಕಟ್ಟಬಹುದು. ಎಂದೂ ಬೆರೆಸಬೇಡಿ.

ಹಾಗಾದರೆ ಸರಿಯಾದ ಕ್ರಮ?

- ಒಣ ಬಟ್ಟೆಯಿಂದ ಗಟ್ಟಿಯಾಗಿ ಉಜ್ಜಬೇಡಿ. ಉಜ್ಜಿದಾಗ ಪ್ಲಾಸ್ಟಿಕ್‌ನಲ್ಲಿ ಸ್ಥಿರ ವಿದ್ಯುತ್ ಹುಟ್ಟಿ ಧೂಳನ್ನು ಮತ್ತೆ ಎಳೆದುಕೊಳ್ಳುತ್ತದೆ, ಗೀರೂ ಬೀಳುತ್ತದೆ.
- ಮೆತ್ತನೆ ಮೇಕಪ್ ಬ್ರಶ್‌ನಿಂದ ಮೇಲಿನಿಂದ ಕೆಳಕ್ಕೆ ಧೂಳು ಕೊಡವಿ.
- ಜಿಡ್ಡಿದ್ದರೆ ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತೊಳೆಯಿರಿ. ನೀರು 40 ಡಿಗ್ರಿ ಸೆಲ್ಸಿಯಸ್ ಮೀರದಿರಲಿ.
- ಸ್ಟಿಕ್ಕರ್, ಬ್ಯಾಟರಿ, ಮೋಟಾರ್ ಇದ್ದರೆ ನೀರಿಗೆ ಹಾಕಬೇಡಿ. ಬ್ರಶ್ ಅಷ್ಟೇ.
- ನೆರಳಲ್ಲಿ ಬಟ್ಟೆಯ ಮೇಲೆ ಒಣಗಿಸಿ. ಹೇರ್ ಡ್ರೈಯರ್ ಬೇಡ, ಬಿಸಿಲೂ ಬೇಡ.

ಹಳೆ ಬಿಳಿ ಗೊಂಬೆ ಹಳದಿಯಾಗಿದ್ದರೆ ಅದು ಬಹುತೇಕ ಕೊಳೆಯಲ್ಲ. ಬೆಳಕು, ಗಾಳಿಯಿಂದ ಪ್ಲಾಸ್ಟಿಕ್ಕೇ ಬದಲಾಗಿರುತ್ತದೆ. ಎಷ್ಟು ತಿಕ್ಕಿದರೂ ಹೋಗದು.

ಒಟ್ಟಿನಲ್ಲಿ ರಿಮೂವರ್‌ನಿಂದ ಗೊಂಬೆ ಹೊಸದಾಗುತ್ತದೆ ಎಂಬ ಮಾತು ತಪ್ಪು. ಅಜ್ಜಿ ಕೂಡಿಟ್ಟ ಗೊಂಬೆ ಇರಲಿ, ಮಗು ಆಸೆಪಟ್ಟು ಜೋಡಿಸಿದ ವಿಮಾನವಿರಲಿ, ಅಂಥ ಸಲಹೆ ಬಂದರೆ ಪ್ರಯೋಗ ಮಾಡಬೇಡಿ, ಮುಂದಕ್ಕೂ ಕಳಿಸಬೇಡಿ.